ಎತ್ತರದ ಉಸಿರು: ವಿಮಾನಶಿಲ್ಪಿ ಕುರ್ಟ್ ಟ್ಯಾಂಕ್

ನಮ್ಮ ಶಾಲೆಯು ಐವತ್ತು ವರ್ಷಗಳನ್ನು ಪೂರೈಸಿ ಸುವರ್ಣ ಮಹೋತ್ಸವವನ್ನು ಆಚರಿಸುತ್ತಿರುವ ಈ ಶುಭಸಂದರ್ಭದಲ್ಲಿ, ಸ್ಮರಣ ಸಂಚಿಕೆಗಾಗಿ ಯಾರಾದರೊಬ್ಬ ಪ್ರಸಿದ್ಧ ವ್ಯಕ್ತಿಯ ಜೀವನವನ್ನು ಕುರಿತು ಲೇಖನವೊಂದನ್ನು ಬರೆದುಕೊಡಬೇಕೆಂದು ಸಮಿತಿಯ ಬಂಧುಗಳು ಕೇಳಿದಾಗ ನಾನು ಕೆಲವು ದಿನ ಯೋಚಿಸಿದೆ. ಕನ್ನಡ ನಾಡಿನ ಕವಿಗಳನ್ನು, ಶರಣರನ್ನು, ದೇಶದ ನಾಯಕರನ್ನು ಕುರಿತು ನನಗಿಂತ ಚೆನ್ನಾಗಿ ಬಲ್ಲವರು ಬರೆಯುತ್ತಾರೆ. ನಾನಾದರೋ ಈ ಶಾಲೆಯ ಆರಂಭದ ವರ್ಷಗಳಲ್ಲಿ ಅಕ್ಷರ ಕಲಿತು, ಮುಂದೆ ಬೆಂಗಳೂರಿಗೆ ಹೋಗಿ, ಬಾಳಿನ ಬಹುಭಾಗವನ್ನು ವಿಮಾನಗಳ ದುರಸ್ತಿಯಲ್ಲಿ, ಅದರಲ್ಲಿಯೂ ವೈಮಾನಿಕರಿಗೆ ಆಮ್ಲಜನಕ ಒದಗಿಸುವ ಸಿಲಿಂಡರು, ಕೊಳವೆ, ಮಾಸ್ಕುಗಳ ನಡುವೆ ಕಳೆದವನು. ಆದುದರಿಂದ ನನ್ನ ವೃತ್ತಿಗೆ ಹತ್ತಿರದವರೂ, ಬೆಂಗಳೂರಿನಲ್ಲಿ ಹತ್ತು ವರ್ಷಕ್ಕೂ ಹೆಚ್ಚು ಕಾಲ ದುಡಿದವರೂ ಆದ ಜರ್ಮನ್ ವಿಮಾನಶಿಲ್ಪಿ ಪ್ರೊಫೆಸರ್ ಕುರ್ಟ್ ಟ್ಯಾಂಕ್ ಅವರನ್ನು ಆರಿಸಿಕೊಂಡಿದ್ದೇನೆ.

ಈ ಆಯ್ಕೆಗೆ ಇನ್ನೊಂದು ಕಾರಣವೂ ಉಂಟು. ಚೌತಿಗೆಂದು ಕೆಪೆಯ ಮನೆಗೆ ಬಂದಿದ್ದಾಗ ನನ್ನ ತಮ್ಮನ ಮಗ ಕಂಪ್ಯೂಟರಿನಲ್ಲಿ ಎರಡನೆಯ ಮಹಾಯುದ್ಧದ ವಿಮಾನಗಳ ಆಟವನ್ನು ಆಡುತ್ತಿದ್ದ. ಒಂದು ವಿಮಾನವನ್ನು ಅವನು ಎತ್ತರಕ್ಕೆ ಏರಿಸಿದಂತೆ ಪರದೆಯ ಅಂಚು ಕಪ್ಪಾಗುತ್ತ ಬಂದು ಕೊನೆಗೆ ಎಲ್ಲವೂ ಕತ್ತಲಾಯಿತು. ಶತ್ರುವಿನ ಗುಂಡು ತಗಲಲಿಲ್ಲ, ಎಂಜಿನ್ ಕೆಡಲಿಲ್ಲ, ಆದರೂ ತನ್ನ ವೈಮಾನಿಕ ಏಕೆ ಸತ್ತನೆಂದು ಅವನಿಗೆ ತಿಳಿಯಲಿಲ್ಲ. ಆಮ್ಲಜನಕದ ಕೊರತೆಯಿಂದ ಎಂದು ನಾನು ಹೇಳಿದೆ. ಮರುಗಳಿಗೆಯಲ್ಲಿ ಅವನು ಉದ್ದ ರೆಕ್ಕೆಗಳ ಬೇರೊಂದು ವಿಮಾನವನ್ನು ಆರಿಸಿಕೊಂಡು ಅದೇ ಎತ್ತರವನ್ನು ಸುಖವಾಗಿ ಮುಟ್ಟಿದ. ಅದು ಟಿಎ 152. ಅದರ ಹೆಸರಿನ ಮೊದಲೆರಡು ಅಕ್ಷರಗಳು ಟ್ಯಾಂಕ್ ಅವರವು. ಅವರು ನಮ್ಮ ಬೆಂಗಳೂರಿನಲ್ಲಿಯೇ ಇದ್ದರೆಂದು ಹೇಳಿದಾಗ ದೊಡ್ಡಪ್ಪ ತಮಾಷೆ ಮಾಡುತ್ತಿದ್ದಾನೆಂದು ಹುಡುಗ ನಕ್ಕುಬಿಟ್ಟ. ಅವನಿಗೂ ಅವನ ಓರಗೆಯ ಮಕ್ಕಳಿಗೂ ಈ ಲೇಖನ ತಲುಪಲಿ ಎಂಬುದು ನನ್ನ ಆಸೆ.

ಟ್ಯಾಂಕ್ ಅವರ ಬದುಕಿಗೆ ಪ್ರವೇಶಿಸುವ ಮೊದಲು ಎತ್ತರದ ಗಾಳಿಯನ್ನು ಕುರಿತು ನಾಲ್ಕು ಮಾತು ಹೇಳುವುದು ಅವಶ್ಯ. ನಮ್ಮ ಶಾಲೆಯಲ್ಲಿ ಗುರುಗಳು ಲೋಟದ ತುಂಬ ನೀರು ತುಂಬಿಸಿ, ಬಾಯಿಗೆ ರಟ್ಟು ಮುಚ್ಚಿ, ತಲೆಕೆಳಗು ಮಾಡಿ ಹಿಡಿದು, ನೀರು ಬೀಳದಂತೆ ತಡೆಯುವುದು ಗಾಳಿಯ ಒತ್ತಡವೆಂದು ತೋರಿಸಿಕೊಟ್ಟದ್ದನ್ನು ಅನೇಕ ಹಳೆಯ ವಿದ್ಯಾರ್ಥಿಗಳು ಮರೆತಿರಲಾರರು. ಆ ಒತ್ತಡವು ಮೇಲೇರಿದಂತೆ ಕಡಿಮೆಯಾಗುತ್ತದೆ. ಪಾರೋಡೆಯ ಚಂದ್ರನಾಥ ಗುಡ್ಡ ನಾಲ್ಕುನೂರು ಮೀಟರೂ ಇಲ್ಲ. ಅಲ್ಲಿ ನಮಗೆ ದಣಿವಾಗುವುದು ಮೆಟ್ಟಿಲುಗಳಿಂದಲೇ ಹೊರತು ಗಾಳಿಯಿಂದಲ್ಲ. 1,930 ಮೀಟರಿನ ಮುಳ್ಳಯ್ಯನಗಿರಿಯಲ್ಲಿಯೂ ಆರೋಗ್ಯವಂತರಿಗೆ ತೊಂದರೆಯಿಲ್ಲ. ಆದರೆ 5,500 ಮೀಟರಿನಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಅರ್ಧಕ್ಕೆ ಇಳಿಯುತ್ತದೆ. 10,000 ಮೀಟರಿನ ಸುಮಾರಿಗೆ ಕಾಲು ಭಾಗ ಮಾತ್ರ ಉಳಿಯುತ್ತದೆ. ಗಾಳಿಯಲ್ಲಿ ಆಮ್ಲಜನಕದ ಪಾಲು ಎಲ್ಲೆಲ್ಲಿಯೂ ನೂರಕ್ಕೆ ಇಪ್ಪತ್ತೊಂದೇ. ಅದನ್ನು ಶ್ವಾಸಕೋಶದಿಂದ ರಕ್ತಕ್ಕೆ ತಳ್ಳುವ ಒತ್ತಡ ಕುಸಿಯುವುದರಿಂದಲೇ ಮನುಷ್ಯ ಸೋಲುತ್ತಾನೆ.

ಮಾಸ್ಕು ಕಳಚಿದ ವೈಮಾನಿಕನಿಗೆ 7,600 ಮೀಟರಿನಲ್ಲಿ ಮೂರರಿಂದ ಐದು ನಿಮಿಷ, 13,000 ಮೀಟರಿನಲ್ಲಿ ಹದಿನೈದು ಸೆಕೆಂಡಿನೊಳಗೆ ಮಾತ್ರ ಉಪಯುಕ್ತವಾದ ಎಚ್ಚರವಿರುತ್ತದೆ. ಇದಕ್ಕಿಂತಲೂ ಭಯಂಕರವಾದ ಸಂಗತಿಯೆಂದರೆ, ಉಸಿರುಗಟ್ಟಿದ ಅನುಭವ ಅವನಿಗೆ ಆಗುವುದಿಲ್ಲ. ಎಷ್ಟೋ ಸಲ ಅವನಿಗೆ ಉಲ್ಲಾಸವೇ ಆಗುತ್ತದೆ, ಎಲ್ಲವೂ ಸರಿಯಾಗಿದೆಯೆಂದು ನಂಬುತ್ತಾನೆ, ಹಾಗೆ ನಂಬಿದಂತೆಯೇ ಪ್ರಜ್ಞೆ ತಪ್ಪುತ್ತಾನೆ. ಈ ಒಂದು ಮಾತನ್ನು ಓದುಗರು ನೆನಪಿನಲ್ಲಿಡಬೇಕೆಂದು ಕೋರುತ್ತೇನೆ. ಮುಂದೆ ಅದರ ಪ್ರಸ್ತಾಪ ಮತ್ತೆ ಬರುತ್ತದೆ.

ಕುರ್ಟ್ ಟ್ಯಾಂಕ್ ಅವರು 1898ರ ಫೆಬ್ರವರಿ 24ರಂದು ಅಂದಿನ ಪ್ರಷ್ಯದ ಬ್ರೊಂಬೆರ್ಗ್ ಎಂಬಲ್ಲಿ ಜನಿಸಿದರು. ಆ ಊರು ಇಂದು ಪೋಲೆಂಡಿನ ಬಿಡ್ಗೊಷ್ಚ್ ಆಗಿದೆ. ಮೊದಲ ಮಹಾಯುದ್ಧ ಆರಂಭವಾದಾಗ ತರುಣ ಟ್ಯಾಂಕ್ ಅವರ ಮನಸ್ಸು ವಿಮಾನದಳದ ಕಡೆಗಿತ್ತು. ಆದರೆ ಸೈನಿಕ ಮನೆತನದ ತಂದೆಯ ಇಚ್ಛೆಯಂತೆ ಅವರು ಅಶ್ವದಳಕ್ಕೆ ಸೇರಬೇಕಾಯಿತು. ಯುದ್ಧ ಮುಗಿದ ಬಳಿಕ ಬರ್ಲಿನ್ನಿನ ತಾಂತ್ರಿಕ ಮಹಾವಿದ್ಯಾಲಯದಲ್ಲಿ ಎಂಜಿನಿಯರಿಂಗ್ ವ್ಯಾಸಂಗ ಮಾಡುತ್ತಲೇ ಗೆಳೆಯರೊಡನೆ ಗ್ಲೈಡರ್ ಹಾರಿಸುವ ವಿದ್ಯಾರ್ಥಿಗಳ ಸಂಘವನ್ನು ಕಟ್ಟಿದರು. ಹೀಗೆ ಕಾಗದದ ಮೇಲೆ ವಿಮಾನವನ್ನು ಬರೆಯುವ ವಿದ್ಯೆಯೂ ಅದನ್ನು ತಾವೇ ಹಾರಿಸುವ ಧೈರ್ಯವೂ ಅವರಲ್ಲಿ ಒಟ್ಟಿಗೆ ಬೆಳೆದವು. ತಮ್ಮ ವಿಮಾನಗಳನ್ನು ತಾವೇ ಹಾರಿಸಿ ಪರೀಕ್ಷಿಸುವ ಶಿಲ್ಪಿಗಳು ವಿರಳ, ಟ್ಯಾಂಕ್ ಅಂತಹವರಲ್ಲೊಬ್ಬರು.

ರೋರ್‌ಬಾಖ್ ಮೊದಲಾದ ಕಂಪನಿಗಳಲ್ಲಿ ದುಡಿದು 1931ರಲ್ಲಿ ಅವರು ಬ್ರೆಮೆನ್ ನಗರದ ಫೋಕೆ-ವುಲ್ಫ್ ಕಾರ್ಖಾನೆಯನ್ನು ಸೇರಿದರು. 1937ರಲ್ಲಿ ಅವರ ನಾಲ್ಕು ಎಂಜಿನ್ನುಗಳ ಕಾಂಡೋರ್ ಎಂಬ ಪ್ರಯಾಣಿಕ ವಿಮಾನ ಮೊದಲ ಬಾರಿ ಹಾರಿತು. ಮರುವರ್ಷದ ಆಗಸ್ಟಿನಲ್ಲಿ ಅದು ಎಲ್ಲಿಯೂ ಇಳಿಯದೆ ಬರ್ಲಿನ್ನಿನಿಂದ ನ್ಯೂಯಾರ್ಕಿಗೆ ಸುಮಾರು 25 ಗಂಟೆಗಳಲ್ಲಿ ತಲುಪಿ ಜಗತ್ತನ್ನು ಬೆರಗುಗೊಳಿಸಿತು. ಯುದ್ಧ ಬಂದೊಡನೆ ಅದೇ ವಿಮಾನವನ್ನು ಅಟ್ಲಾಂಟಿಕ್ ಸಾಗರದಲ್ಲಿ ಹಡಗುಗಳ ಮೇಲೆ ಬಾಂಬ್ ಹಾಕಲು ಬಳಸಿದರು. ಜನರನ್ನು ಕೂಡಿಸಲು ಹುಟ್ಟಿದ ಯಂತ್ರ ಕೊಲ್ಲಲು ಹೊರಟಿತು.

1939ರ ಜೂನ್ 1ರಂದು ಎಫ್‌ಡಬ್ಲ್ಯು 190 ಎಂಬ ಯುದ್ಧವಿಮಾನ ಮೊದಲ ಹಾರಾಟ ನಡೆಸಿತು. ಅಶ್ವದಳದ ಅನುಭವ ಇಲ್ಲಿ ಟ್ಯಾಂಕ್ ಅವರ ಕೈಹಿಡಿಯಿತು. ಪಂದ್ಯದ ಕುದುರೆ ವೇಗವಾಗಿ ಓಡಿದರೂ ರಣರಂಗದ ಕೆಸರಿನಲ್ಲಿ ಬಾಳುವುದಿಲ್ಲ, ಸೈನಿಕನಿಗೆ ಬೇಕಾದದ್ದು ಗಟ್ಟಿಮುಟ್ಟಾದ, ಒರಟು ನೆಲದಲ್ಲಿಯೂ ನಿಲ್ಲಬಲ್ಲ, ಸುಲಭವಾಗಿ ಆರೈಕೆ ಮಾಡಬಲ್ಲ ಕುದುರೆ ಎಂಬುದು ಅವರ ವಿಚಾರವಾಗಿತ್ತು. ಈ ವಿಮಾನಗಳು ಒಟ್ಟು ಇಪ್ಪತ್ತು ಸಾವಿರದಷ್ಟು ತಯಾರಾದವು.

ಆದರೆ ಈ ಗಟ್ಟಿ ಕುದುರೆಗೂ ಒಂದು ಮಿತಿಯಿತ್ತು. ಏಳು ಸಾವಿರ ಮೀಟರು ದಾಟುತ್ತಿದ್ದಂತೆ ಅದರ ಎಂಜಿನ್ ಏದುಸಿರು ಬಿಡುತ್ತಿತ್ತು. ಎಂಜಿನ್ನಿಗೂ ಮನುಷ್ಯನಂತೆಯೇ ಗಾಳಿ ಬೇಕಷ್ಟೆ. ಅಮೆರಿಕದ ಬಾಂಬರುಗಳು ಅದೇ ಎತ್ತರದಲ್ಲಿ ಜರ್ಮನಿಯ ಮೇಲೆ ಬರತೊಡಗಿದ್ದವು. ಅವುಗಳಲ್ಲಿದ್ದ ಯೋಧರ ಪಾಡೂ ಸುಖದ್ದಾಗಿರಲಿಲ್ಲ. ಬಿ-17 ಬಾಂಬರಿನಲ್ಲಿ ಒತ್ತಡ ಕಾಯುವ ವ್ಯವಸ್ಥೆಯಿರಲಿಲ್ಲ. ಸೊನ್ನೆಗಿಂತ ನಲವತ್ತು ಡಿಗ್ರಿ ಕೆಳಗಿನ ಚಳಿಯಲ್ಲಿ ವಿದ್ಯುತ್ತಿನಿಂದ ಬೆಚ್ಚಗಾಗುವ ಉಡುಪು ತೊಟ್ಟು, ಮಾಸ್ಕಿನ ಕೊಳವೆಗೆ ಜೀವವನ್ನು ಕಟ್ಟಿಕೊಂಡು ಅವರು ಗಂಟೆಗಟ್ಟಲೆ ನಿಲ್ಲಬೇಕಿತ್ತು. ಕೊಳವೆಯಲ್ಲಿ ಉಸಿರಿನ ತೇವ ಹೆಪ್ಪುಗಟ್ಟಿ, ಯಾರಿಗೂ ತಿಳಿಯದಂತೆ ಸತ್ತವರಿದ್ದರು. ಮುಂದೆ ಬಂದ ಬಿ-29 ಬಾಂಬರಿನಲ್ಲಿ ಮಾತ್ರ ಯೋಧರ ಕೋಣೆಗಳಿಗೆ ಒತ್ತಡದ ಗಾಳಿ ತುಂಬುವ ಏರ್ಪಾಡಿತ್ತು. 1944ರಲ್ಲಿ ಆ ವಿಮಾನಗಳು ನಮ್ಮ ದೇಶದ ಖರಗ್‌ಪುರದ ಸುತ್ತಲಿನ ನೆಲೆಗಳಿಗೆ ಬಂದಿದ್ದವು.

ಇಂತಹ ಎತ್ತರದ ಯುದ್ಧಕ್ಕಾಗಿಯೇ ಟ್ಯಾಂಕ್ ಅವರು ಟಿಎ 152 ಎಚ್ ವಿಮಾನವನ್ನು ರೂಪಿಸಿದರು. ವಿರಳವಾದ ಗಾಳಿಯಲ್ಲಿ ತೇಲುವುದಕ್ಕೆಂದು ಹದಿನಾಲ್ಕು ಮೀಟರಿಗೂ ಮಿಕ್ಕಿದ ಉದ್ದನೆಯ ರೆಕ್ಕೆ. ಎಂಜಿನ್ನಿನ ಉಸಿರಿಗೆಂದು ನೈಟ್ರಸ್ ಆಕ್ಸೈಡ್ ತುಂಬಿದ ಪಾತ್ರೆ. ವೈಮಾನಿಕನ ಉಸಿರಿಗೆಂದು ಒತ್ತಡದ ಕೋಣೆ. ಆ ಕೋಣೆಯ ರಚನೆಯನ್ನು ನೆನೆದಾಗ ನನ್ನಂತಹ ಕೆಲಸಗಾರನಿಗೆ ಇಂದಿಗೂ ಸಂತೋಷವಾಗುತ್ತದೆ. ಗಾಜಿನ ಮುಚ್ಚಳದ ಅಂಚಿನಲ್ಲಿ ರಬ್ಬರಿನ ಕೊಳವೆಯಿಟ್ಟು, ಒಂದು ಲೀಟರಿನ ಸಣ್ಣ ಬಾಟಲಿಯ ಗಾಳಿಯಿಂದ ಅದನ್ನು ಉಬ್ಬಿಸಿ ಸಂದುಗಳನ್ನು ಮುಚ್ಚುತ್ತಿದ್ದರು. ಮುಂದಿನ ಗಾಜು ಎರಡು ಪದರದ್ದು. ಉಸಿರಿನ ಆವಿ ಮಂಜಾಗಿ ಕಣ್ಣು ಕಟ್ಟದಿರಲೆಂದು ನಡುವಿನ ಸಂದಿಯಲ್ಲಿ ತೇವ ಹೀರುವ ಸಿಲಿಕಾ ಜೆಲ್ಲಿನ ಗುಳಿಗೆಗಳು. ಪುಟ್ಟ ಕಂಪ್ರೆಸರೊಂದು ಕೋಣೆಯೊಳಗಿನ ಒತ್ತಡವನ್ನು ಸಮುದ್ರಮಟ್ಟದ ನೂರಕ್ಕೆ 36ರಷ್ಟಕ್ಕೆ ಕಾಯ್ದುಕೊಳ್ಳುತ್ತಿತ್ತು.

ನೂರಕ್ಕೆ 36 ಎಂದರೆ ಸುಮಾರು ಎಂಟು ಸಾವಿರ ಮೀಟರಿನ ಗಾಳಿ. ಅಂದರೆ ವಿಮಾನ ಎಷ್ಟೇ ಮೇಲೇರಿದರೂ ವೈಮಾನಿಕನು ಎವರೆಸ್ಟಿನ ನೆತ್ತಿಗಿಂತ ತುಸು ಕೆಳಗೆ ಕುಳಿತಂತೆ. ಹಾಗಾಗಿ ಮಾಸ್ಕು ಬೇಕೇ ಬೇಕು. ಮಾಸ್ಕಿದ್ದ ಮೇಲೆ ಕೋಣೆಯೇಕೆ ಎಂದು ನಮ್ಮ ಹುಡುಗನೂ ಕೇಳಿದ. ನಮ್ಮ ಶ್ವಾಸಕೋಶದಲ್ಲಿ ನೀರಾವಿ ಮತ್ತು ಇಂಗಾಲದ ಡೈಆಕ್ಸೈಡ್ ಸದಾ ಒಂದಿಷ್ಟು ಜಾಗವನ್ನು ಹಿಡಿದಿರುತ್ತವೆ. ಅವೆರಡರ ಒತ್ತಡ ಸೇರಿ ಪಾದರಸದ ಅಳತೆಯಲ್ಲಿ ಸುಮಾರು 87 ಮಿಲಿಮೀಟರು. 15,000 ಮೀಟರಿನ ಸುಮಾರಿಗೆ ಹೊರಗಿನ ಗಾಳಿಯ ಒಟ್ಟು ಒತ್ತಡವೂ ಅಷ್ಟೇ ಆಗಿಬಿಡುತ್ತದೆ. ಆಗ ಶುದ್ಧ ಆಮ್ಲಜನಕವನ್ನೇ ಮೂಗಿಗೆ ಹಿಡಿದರೂ ಅದು ಒಳಗೆ ಹೋಗಲು ಸ್ಥಳವಿರುವುದಿಲ್ಲ. ಟಿಎ 152 ಏರಬಲ್ಲ ಎತ್ತರ ಹೆಚ್ಚುಕಡಿಮೆ ಅಷ್ಟೇ ಆಗಿತ್ತು. ಆದುದರಿಂದಲೇ ಮಾಸ್ಕು ಮತ್ತು ಕೋಣೆ ಎರಡೂ ಕೂಡಿದಾಗ ಮಾತ್ರ ವೈಮಾನಿಕ ಬದುಕುತ್ತಿದ್ದ.

1944ರ ಕೊನೆಯಲ್ಲಿ ಟ್ಯಾಂಕ್ ಅವರು ಸ್ವತಃ ಈ ವಿಮಾನದಲ್ಲಿ ಕಾಟ್‌ಬುಸ್‌ಗೆ ಹೋಗುತ್ತಿದ್ದಾಗ ಅಮೆರಿಕದ ಮಸ್ಟಾಂಗ್ ವಿಮಾನಗಳು ಬೆನ್ನಟ್ಟಿದವು. ಅವರ ಬಳಿ ಆಯುಧವಿರಲಿಲ್ಲ. ಎಂಜಿನ್ನಿಗೆ ನೀರು ಮತ್ತು ಮೆಥನಾಲ್ ಮಿಶ್ರಣವನ್ನು ಹಾಯಿಸಿ ವೇಗವನ್ನು ಹೆಚ್ಚಿಸಿ ಅವರು ಪಾರಾದರು. ಆದರೆ ಆ ವಿಮಾನದಿಂದ ಯುದ್ಧದ ಗತಿ ಬದಲಾಗಲಿಲ್ಲ. ತಯಾರಾದದ್ದು ನೂರಕ್ಕೂ ಕಡಿಮೆ. ಕೆಲವೇ ತಿಂಗಳಲ್ಲಿ ಜರ್ಮನಿ ಶರಣಾಯಿತು.

ಇಲ್ಲಿ ಒಂದು ಕಹಿಸತ್ಯವನ್ನು ಮುಚ್ಚಿಡುವುದು ಶಾಲೆಯ ಸಂಚಿಕೆಗೆ ಶೋಭಿಸುವುದಿಲ್ಲ. ಟ್ಯಾಂಕ್ ಅವರು ದುಡಿದದ್ದು ಹಿಟ್ಲರನ ಆಡಳಿತಕ್ಕಾಗಿ. ಯುದ್ಧಕಾಲದ ಜರ್ಮನಿಯ ವಿಮಾನ ಕಾರ್ಖಾನೆಗಳಲ್ಲಿ, ಫೋಕೆ-ವುಲ್ಫ್ ಕೂಡ ಸೇರಿದಂತೆ, ಪರದೇಶಗಳಿಂದ ಬಲವಂತವಾಗಿ ಹಿಡಿದು ತಂದವರನ್ನು ದುಡಿಸಿಕೊಂಡರು. ಎತ್ತರದ ಉಸಿರನ್ನು ಕುರಿತ ವಿದ್ಯೆಯೂ ಅಲ್ಲಿ ಕಳಂಕಿತವಾಯಿತು. 1942ರಲ್ಲಿ ಡಾಖಾವ್ ಸೆರೆಶಿಬಿರದಲ್ಲಿ ಕೈದಿಗಳನ್ನು ಗಾಳಿ ತೆಗೆದ ಕೋಣೆಯೊಳಗೆ ಕೂಡಿಹಾಕಿ, ಎಷ್ಟು ಎತ್ತರದಲ್ಲಿ ಮನುಷ್ಯ ಹೇಗೆ ಸಾಯುತ್ತಾನೆಂದು ವೈದ್ಯರು ಬರೆದಿಟ್ಟುಕೊಂಡರು. ಸುಮಾರು ಇನ್ನೂರು ಜನರ ಮೇಲೆ ನಡೆದ ಆ ಪ್ರಯೋಗದಲ್ಲಿ ಎಪ್ಪತ್ತಕ್ಕೂ ಹೆಚ್ಚು ಮಂದಿ ಸತ್ತರೆಂದು ಯುದ್ಧಾನಂತರ ನ್ಯೂರೆಂಬರ್ಗಿನ ವಿಚಾರಣೆಯಲ್ಲಿ ಹೊರಬಂತು. ಆ ಕೃತ್ಯವನ್ನು ಟ್ಯಾಂಕ್ ಅವರ ಮೇಲೆ ಹೊರಿಸುವುದು ನನ್ನ ಉದ್ದೇಶವಲ್ಲ. ಆದರೆ ಒಬ್ಬ ವೈಮಾನಿಕನ ಉಸಿರಿಗೆ ಇಷ್ಟು ಮಮತೆಯಿಂದ ಗುಳಿಗೆ, ಕೊಳವೆ, ಬಾಟಲಿಗಳನ್ನು ಜೋಡಿಸಿದ ಅದೇ ದೇಶ ಇನ್ನೊಬ್ಬನ ಉಸಿರಿಗೆ ಬೆಲೆಯೇ ಇಲ್ಲವೆಂದು ಬಗೆದಿತ್ತು. ಎತ್ತರದಲ್ಲಿ ಉಸಿರು ಕಡಿಮೆಯಾದವನಿಗೆ ಅದು ತಿಳಿಯುವುದಿಲ್ಲವೆಂದು ಮೊದಲೇ ಹೇಳಿದೆನಷ್ಟೆ. ಅಧಿಕಾರದ ಎತ್ತರವೂ ಅಂತಹುದೇ ಇರಬೇಕು.

ಯುದ್ಧಾನಂತರ ಜರ್ಮನಿಯಲ್ಲಿ ವಿಮಾನ ಕಟ್ಟುವುದು ನಿಷಿದ್ಧವಾಯಿತು. ಟ್ಯಾಂಕ್ ಅವರು ಪೇದ್ರೊ ಮಾತೀಸ್ ಎಂಬ ಬೇರೆ ಹೆಸರಿನಲ್ಲಿ ಅರ್ಜೆಂಟೀನಕ್ಕೆ ಹೋಗಿ, ಕೊರ್ದೊಬಾ ನಗರದಲ್ಲಿ ಪುಲ್ಕಿ 2 ಎಂಬ ಜೆಟ್ ವಿಮಾನವನ್ನು ನಿರ್ಮಿಸಿದರು. 1955ರಲ್ಲಿ ಅಲ್ಲಿಯ ಪೆರೋನ್ ಸರ್ಕಾರ ಉರುಳಿದಾಗ ಅವರ ತಂಡ ಚದುರಿತು. ಆಗ ಅವರಿಗೆ ಆಶ್ರಯ ದೊರೆತದ್ದು ಭಾರತದಲ್ಲಿ.

1956ರಲ್ಲಿ ಅವರು ಜರ್ಮನ್ ತಂತ್ರಜ್ಞರ ತಂಡದೊಡನೆ ಬೆಂಗಳೂರಿನ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಕಾರ್ಖಾನೆಗೆ ಬಂದರು. 1940ರಲ್ಲಿ ವಾಲಚಂದ್ ಹೀರಾಚಂದ್ ಅವರು ಮೈಸೂರು ಸಂಸ್ಥಾನದ ನೆರವಿನಿಂದ ಸ್ಥಾಪಿಸಿದ ಈ ಕಾರ್ಖಾನೆಗೆ ಎತ್ತರದ ಹಾರಾಟ ಹೊಸತಾಗಿರಲಿಲ್ಲ. ಯುದ್ಧಕಾಲದಲ್ಲಿ ಅಸ್ಸಾಮಿನಿಂದ ಹಿಮಾಲಯದ ಅಂಚನ್ನು ದಾಟಿ ಚೀನಕ್ಕೆ ಸಾಮಾನು ಸಾಗಿಸುತ್ತಿದ್ದ ಅಮೆರಿಕದ ವಿಮಾನಗಳ ವೈಮಾನಿಕರು ಮಾಸ್ಕು ತೊಟ್ಟೇ ಹಾರುತ್ತಿದ್ದರು. ಆ ರಣರಂಗದ ವಿಮಾನಗಳ ದುರಸ್ತಿ ಬೆಂಗಳೂರಿನಲ್ಲಿ ನಡೆಯುತ್ತಿತ್ತು. ಟ್ಯಾಂಕ್ ಅವರು ಬಂದ ಮರುವರ್ಷವೇ, 1957ರಲ್ಲಿ, ವಾಯುಪಡೆಯು ಬೆಂಗಳೂರಿನಲ್ಲಿ ವೈಮಾನಿಕ ವೈದ್ಯಶಾಲೆಯನ್ನು ತೆರೆಯಿತು. ಇಂತಹ ಸಂಸ್ಥೆಗಳಲ್ಲಿಯೂ ಗಾಳಿ ತೆಗೆಯುವ ಕೋಣೆಗಳುಂಟು. ವೈಮಾನಿಕರು ಒಪ್ಪಿಯೇ ಅದರೊಳಗೆ ಕುಳಿತು, ವೈದ್ಯರ ಕಣ್ಗಾವಲಿನಲ್ಲಿ ಮಾಸ್ಕು ಕಳಚಿ, ಕಾಗದದ ಮೇಲೆ ಸಣ್ಣ ಲೆಕ್ಕಗಳನ್ನು ಮಾಡುತ್ತಾರೆ. ಅಕ್ಷರ ಸೊಟ್ಟಗಾಗುತ್ತಿದ್ದಂತೆ ಮಾಸ್ಕನ್ನು ಮತ್ತೆ ತೊಡಿಸಲಾಗುತ್ತದೆ. ಯಂತ್ರ ಅದೇ, ವಿದ್ಯೆ ಅದೇ; ಡಾಖಾವಿನ ಕೋಣೆಗೂ ಇದಕ್ಕೂ ಇರುವ ಅಂತರ ಮನುಷ್ಯತ್ವದ್ದು.

ಟ್ಯಾಂಕ್ ಅವರೂ ನಮ್ಮ ಎಂಜಿನಿಯರುಗಳೂ ಕೂಡಿ ಭಾರತದ ಮೊದಲ ಜೆಟ್ ಯುದ್ಧವಿಮಾನವಾದ ಎಚ್‌ಎಫ್ 24 ಅನ್ನು ರೂಪಿಸಿದರು. ಅದಕ್ಕೆ ಮಾರುತ ಎಂಬ ಹೆಸರು ಬಂದುದು ಎಷ್ಟು ಅನ್ವರ್ಥ! ಗಾಳಿ ಪರೀಕ್ಷೆಯ ದೊಡ್ಡ ಸಾಧನಗಳಿಲ್ಲದ ಆ ದಿನಗಳಲ್ಲಿ ಮೊದಲು ಅದೇ ಅಳತೆಯ ಮರದ ಗ್ಲೈಡರನ್ನು ಮಾಡಿ, 1959ರಲ್ಲಿ ಡಕೋಟ ವಿಮಾನದ ಹಿಂದೆ ಕಟ್ಟಿ ಎಳೆದು ಹಾರಿಸಿ ಪರೀಕ್ಷಿಸಿದರು. ಬರ್ಲಿನ್ನಿನ ವಿದ್ಯಾರ್ಥಿದೆಸೆಯ ಗ್ಲೈಡರ್ ವಿದ್ಯೆ ಬೆಂಗಳೂರಿನಲ್ಲಿ ಫಲಕೊಟ್ಟಿತು. 1961ರ ಜೂನ್ 17ರಂದು ವಿಂಗ್ ಕಮಾಂಡರ್ ಸುರಂಜನ್ ದಾಸ್ ಅವರು ಮಾರುತವನ್ನು ಮೊದಲ ಬಾರಿ ಆಕಾಶಕ್ಕೆ ಏರಿಸಿದರು.

ಆದರೆ ಮಾರುತದ ದುರ್ದೈವವೂ ಉಸಿರಿನದೇ. ಶಬ್ದದ ಇಮ್ಮಡಿ ವೇಗದ ಗುರಿಯಿಟ್ಟು ಕಟ್ಟಿದ ಆ ಶರೀರಕ್ಕೆ ತಕ್ಕ ಎಂಜಿನ್ ದೊರೆಯಲಿಲ್ಲ. ಬ್ರಿಟನ್ನಿನಲ್ಲಿ ತಯಾರಾಗಬೇಕಿದ್ದ ಹೆಚ್ಚು ಬಲದ ಆರ್ಫಿಯಸ್ ಎಂಜಿನ್ನಿನ ಯೋಜನೆ ನಿಂತುಹೋಯಿತು. ಅದರ ವೆಚ್ಚವನ್ನು ಹೊರಲು ನಮ್ಮ ಸರ್ಕಾರ ಮುಂದೆ ಬರಲಿಲ್ಲ. ಈಜಿಪ್ಟಿನಲ್ಲಿ ಸಿದ್ಧವಾಗುತ್ತಿದ್ದ ಎಂಜಿನ್ನಿನ ಆಸೆಯೂ ಕೈಗೂಡಲಿಲ್ಲ. ಕಡಿಮೆ ಬಲದ ಎರಡು ಎಂಜಿನ್ನುಗಳಲ್ಲಿಯೇ ಮಾರುತ ತೃಪ್ತಿಪಡಬೇಕಾಯಿತು. 1967ರಲ್ಲಿ ಅದು ವಾಯುಪಡೆಯನ್ನು ಸೇರಿತು. ಅದೇ ವರ್ಷ ಟ್ಯಾಂಕ್ ಅವರು ಬೆಂಗಳೂರನ್ನು ಬಿಟ್ಟರು. 1970ರ ಜನವರಿ 10ರಂದು, ಹೆಚ್ಚಿನ ಬಲ ಕೊಡುವ ಎಂಜಿನ್ ಜೋಡಣೆಯ ಮಾರುತವನ್ನು ಪರೀಕ್ಷಿಸುವಾಗ ಸುರಂಜನ್ ದಾಸ್ ಅವರು ಅಪಘಾತದಲ್ಲಿ ಪ್ರಾಣ ತೆತ್ತರು. ಬೆಂಗಳೂರಿನ ಸುರಂಜನ್ ದಾಸ್ ರಸ್ತೆಯಲ್ಲಿ ಓಡಾಡುವ ಎಷ್ಟು ಮಂದಿಗೆ ಆ ಹೆಸರಿನ ಹಿಂದಿನ ತ್ಯಾಗ ಗೊತ್ತಿದೆಯೋ!

1971ರ ಯುದ್ಧದಲ್ಲಿ ಮಾರುತದ ಎರಡು ಸ್ಕ್ವಾಡ್ರನ್ನುಗಳು ರಾಜಸ್ಥಾನದ ಗಡಿಯಲ್ಲಿ ಹೋರಾಡಿದವು. ಎತ್ತರದ ಆಕಾಶವನ್ನು ಬಲ್ಲ ಶಿಲ್ಪಿಯ ವಿಮಾನ ಮರಳುಗಾಡಿನ ನೆಲಕ್ಕೆ ಹತ್ತಿರವಾಗಿ ಹಾರಿ ಹೆಸರು ಗಳಿಸಿತು. ಒಂದು ಎಂಜಿನ್ ಕೆಟ್ಟರೂ ಇನ್ನೊಂದರಿಂದ ಮರಳಿ ಬಂದ ನಿದರ್ಶನಗಳುಂಟು. ಅಶ್ವದಳದ ಗಟ್ಟಿ ಕುದುರೆಯ ಗುಣ ಇಲ್ಲಿಯೂ ಇತ್ತು. ಒಟ್ಟು 147 ಮಾರುತಗಳು ನಿರ್ಮಾಣವಾದವು. 1990ರ ಸುಮಾರಿಗೆ ಅವು ಸೇವೆಯಿಂದ ನಿವೃತ್ತವಾದವು. ಟ್ಯಾಂಕ್ ಅವರು 1983ರ ಜೂನ್ 5ರಂದು ಮ್ಯೂನಿಕ್ ನಗರದಲ್ಲಿ ಕಾಲವಾದರು.

ಈಗ ನನ್ನ ಮನಸ್ಸಿನ ಒಂದು ಮಾತು. ನನ್ನ ತಂದೆಯವರು ಬಾದಾಮಿಯ ಕಡೆಯಿಂದ ಹೊಟ್ಟೆಪಾಡಿಗಾಗಿ ಬಂದು ಈ ಭಾಗದ ಗಣಿಯೊಂದರಲ್ಲಿ ದುಡಿದವರು. ಕಲ್ಲು ಕೊರೆಯುವಾಗ ಏಳುವ ಧೂಳಿಗೆ ಅವರಿಗಿದ್ದ ರಕ್ಷಣೆ ಮೂಗಿಗೆ ಕಟ್ಟಿಕೊಂಡ ವಸ್ತ್ರವೊಂದೇ. ಬಾಲ್ಯದಲ್ಲಿ ನನ್ನನ್ನು ಹೆಗಲ ಮೇಲೆ ಕೂಡಿಸಿಕೊಂಡು ಚಂದ್ರನಾಥನ ಗುಡ್ಡ ಹತ್ತಿದವರು ಕೊನೆಯ ವರ್ಷಗಳಲ್ಲಿ ಮನೆಯ ಜಗುಲಿ ಹತ್ತಲೂ ನಿಂತು ನಿಂತು ಉಸಿರೆಳೆಯುತ್ತಿದ್ದರು. ಬೆಂಗಳೂರಿನಲ್ಲಿ ನಾನು ಒಬ್ಬ ವೈಮಾನಿಕನ ಮಾಸ್ಕನ್ನು ಹತ್ತು ಸಲ ಪರೀಕ್ಷಿಸುತ್ತಿದ್ದೆ; ಆಮ್ಲಜನಕದ ಕೊಳವೆಗೆ ಎಣ್ಣೆಯ ಒಂದು ಹನಿ ತಾಗಿದರೂ ಬೆಂಕಿಯೇಳಬಹುದೆಂದು ಕೈಯನ್ನು ಮತ್ತೆ ಮತ್ತೆ ತೊಳೆಯುತ್ತಿದ್ದೆ. ಹಾಗೆ ತೊಳೆಯುವಾಗ ಎಷ್ಟೋ ಸಲ ತಂದೆಯ ಆ ವಸ್ತ್ರ ಕಣ್ಣಮುಂದೆ ಬಂದಿದೆ. ಅವರ ಉಸಿರಿಗೆ ಲೆಕ್ಕ ಇಡುವವರು ಯಾರೂ ಇರಲಿಲ್ಲ. ಕಷ್ಟಗಳ ನಡುವೆಯೂ ನನ್ನನ್ನು ಈ ಶಾಲೆಗೆ ಕಳುಹಿಸಿದ್ದು ಅವರು ನನಗೆ ಕೊಟ್ಟ ಆಮ್ಲಜನಕವೆಂದೇ ನಾನು ತಿಳಿದಿದ್ದೇನೆ.

ಕುರ್ಟ್ ಟ್ಯಾಂಕ್ ಅವರ ಬದುಕಿನಿಂದ ನಾನು ಎರಡನ್ನು ಕಲಿತೆ. ಎತ್ತರಕ್ಕೆ ಏರುವವನ ಉಸಿರಿನ ಚಿಂತೆಯನ್ನು ನೆಲದ ಮೇಲಿರುವವರು ಮುಂಚೆಯೇ ಮಾಡಬೇಕು ಎಂಬುದು ಒಂದು. ಆ ಚಿಂತೆ ನಮ್ಮವರಿಗೆ ಮಾತ್ರ ಮೀಸಲಾದರೆ ವಿದ್ಯೆಗೇ ಉಸಿರುಗಟ್ಟುತ್ತದೆ ಎಂಬುದು ಇನ್ನೊಂದು. ನನ್ನ ತಮ್ಮನ ಮಗನ ಆಟದಲ್ಲಿ ಪರದೆ ಕಪ್ಪಾದರೆ ಗುಂಡಿಯೊಂದನ್ನು ಒತ್ತಿ ಮತ್ತೆ ಆರಂಭಿಸಬಹುದು. ಬದುಕಿನಲ್ಲಿ ಆ ಗುಂಡಿಯಿಲ್ಲ. ಮುಂದಿನ ಸಲ ಅವನು ಬೆಂಗಳೂರಿಗೆ ಬಂದಾಗ ಕಸ್ತೂರ್ಬಾ ರಸ್ತೆಯ ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯಕ್ಕೆ ಕರೆದೊಯ್ದು ಅಲ್ಲಿ ನಿಲ್ಲಿಸಿರುವ ಮಾರುತವನ್ನು ತೋರಿಸುವುದಾಗಿ ಮಾತು ಕೊಟ್ಟಿದ್ದೇನೆ.

ಕುಶಾವತಿಯ ತೀರದ ಈ ಊರಿನಲ್ಲಿ, ದೂರದ ಹಳ್ಳಿಗಳಿಂದ ದುಡಿಯಲು ಬಂದವರ ಮಕ್ಕಳಿಗೆ ತಾಯ್ನುಡಿಯಲ್ಲಿ ಜಗತ್ತನ್ನು ತೋರಿಸಿದ ನಮ್ಮ ಶಾಲೆಯ ಗುರುವೃಂದಕ್ಕೆ ನಮಸ್ಕಾರಗಳು. ಇಲ್ಲಿಂದ ಎತ್ತರಕ್ಕೆ ಏರುವ ಪ್ರತಿಯೊಂದು ಮಗುವಿನ ಉಸಿರನ್ನೂ ಶಾಲೆ ಹೀಗೆಯೇ ಕಾಯುತ್ತಿರಲಿ, ಶತಮಾನೋತ್ಸವವನ್ನೂ ಕಾಣಲಿ ಎಂದು ಹಾರೈಸುತ್ತ ಲೇಖನವನ್ನು ಮುಗಿಸುತ್ತೇನೆ.